ಮೂವತ್ತೆರಡು ತೂಬಿನ ಕಂಪ್ಯೂಟರು

ಕಾರ್ಡು ಕೂಡಲಿಲ್ಲ. ಗೇಣುದ್ದದ ಒಂದು ಹಸಿರು ಹಲಗೆ, ಕಂಪ್ಯೂಟರಿನ ಹೊಟ್ಟೆಯೊಳಗಿನ ಸೀಳಿನಲ್ಲಿ ಹೋಗಿ ಕೂಡಬೇಕಾಗಿತ್ತು, ಕೂಡಲಿಲ್ಲ. ಬಳ್ಳಾರಿಯ ಬಲದಂಡೆ ಬತ್ತ ಬೆಳೆಗಾರರ ಸಂಘದ ಹೆಡ್ಡಾಫೀಸಿನಲ್ಲಿ ಆ ಗುರುವಾರ ನಡೆದ ಎಲ್ಲ ರಾದ್ಧಾಂತವೂ ಶುರುವಾದದ್ದು ಅಷ್ಟರಿಂದಲೇ.

ಗುಮಾಸ್ತ ಕೊಟ್ಟೂರಪ್ಪ ಬೆಳಿಗ್ಗೆ ಎಂಟೂವರೆಗೇ ಬಂದು ಕಾರ್ಡನ್ನು ನೆಟ್ಟಗೆ ಒತ್ತಿ ನೋಡಿದ. ತಿರುಗಿಸಿ ಒತ್ತಿದ. ತಲೆಕೆಳಗು ಮಾಡಿ ಒತ್ತಿದ. ಆಮೇಲೆ ಬೈದು ಒತ್ತಿದ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಂದಿ ಹೇಳುತ್ತಿದ್ದರು, ಅದು ಪೂರ್ತಿ ನಿಜವಲ್ಲ. ಸಿಟ್ಟು ಮೂಗಿಗಿಂತ ನಾಲ್ಕು ಬೆರಳು ಮುಂದೆಯೇ ಇರುತ್ತಿತ್ತು. ಆಫೀಸಿನೊಳಕ್ಕೆ ಮೊದಲು ಅದು ಬರುತ್ತಿತ್ತು, ಹಿಂದಿನಿಂದ ಕೊಟ್ಟೂರಪ್ಪ.

ಈ ಸಂಕಟವನ್ನು ಅವನು ತಾನೇ ಕೊಂಡು ತಂದದ್ದು. ಸಂಘಕ್ಕೆ ಮೂರು ವರ್ಷದ ಹಿಂದೆ ಬಂದ ಒಂದು ಕಂಪ್ಯೂಟರು ಕುರುಗೋಡು ಶಾಖೆಯಲ್ಲಿತ್ತು. ಅದು ಸದಸ್ಯರ ಹೆಸರನ್ನು ಕನ್ನಡದಲ್ಲಿ ತೋರಿಸುತ್ತಿತ್ತು, ಆದರೆ ಎಮ್ಮೆ ಕೆರೆಯಿಂದ ಏಳುವಷ್ಟು ಹೊತ್ತು ಹಿಡಿಯುತ್ತಿತ್ತು. ಈ ವರ್ಷ, ಎಂದರೆ ಎಂಬತ್ತೊಂಬತ್ತರಲ್ಲಿ, ಹೆಡ್ಡಾಫೀಸಿಗೂ ಒಂದು ತರುವುದೆಂದು ಠರಾವಾಯಿತು. ಪಕ್ಕದ ಮೇಜಿನ ತಿಪ್ಪೇರುದ್ರಪ್ಪ, ಹಳೆಯ ನಮೂನೆಯದನ್ನೇ ಇನ್ನೊಂದು ತರೋಣವೆಂದು ಟಿಪ್ಪಣಿ ಬರೆದ. ತಿಪ್ಪೇರುದ್ರಪ್ಪ ಪೂರ್ವ ಎಂದರೆ ಪಶ್ಚಿಮ ಎನ್ನುವುದು ಕೊಟ್ಟೂರಪ್ಪನ ನಿತ್ಯವ್ರತ. ಅವನು ಕಂಪನಿಯ ಬಣ್ಣದ ಕಾಗದ ತರಿಸಿ ಓದಿದ. ಕಂಪ್ಯೂಟರಿನ ಮಿದುಳಿನಿಂದ ಅದರ ಕಾರ್ಡುಗಳಿಗೆ ಮಾಹಿತಿ ಹರಿಯುವ ದಾರಿಯೊಂದಿದೆಯಂತೆ. ಆ ದಾರಿಗೆ ಬಸ್ ಎಂದು ಹೆಸರು. ಯಾಕೆಂದು ಅವನು ಕೇಳಲು ಹೋಗಲಿಲ್ಲ. ಹಳೆಯ ಯಂತ್ರದಲ್ಲಿ ಆ ದಾರಿಗೆ ಹದಿನಾರು ಎಳೆ, ಹೊಸ ನಮೂನೆಯದರಲ್ಲಿ ಮೂವತ್ತೆರಡು.

ಇದನ್ನು ಬತ್ತ ಬೆಳೆಯುವವರಿಗೆ ತಿಳಿಯುವ ಹಾಗೆ ಕೊಟ್ಟೂರಪ್ಪ ಬರೆದ: "ಹಳೆಯದು ಹದಿನಾರು ತೂಬಿನ ಸಣ್ಣ ಕಾಲುವೆ. ಹೊಸದು ಮೂವತ್ತೆರಡು ತೂಬಿನ ದೊಡ್ಡ ಕಾಲುವೆ. ಇಲ್ಲಿ ನೀರು ಬಿಟ್ಟರೆ ಟೇಲೆಂಡಿನ ಗದ್ದೆಗೂ ಗಳಿಗೆಯಲ್ಲಿ ಮುಟ್ಟುತ್ತದೆ." ಆಡಳಿತ ಮಂಡಳಿಯ ಒಂಬತ್ತು ಮಂದಿಯಲ್ಲಿ ಏಳು ಮಂದಿಯ ಗದ್ದೆ ಕಾಲುವೆಯ ಟೇಲೆಂಡಿನಲ್ಲಿ, ಎಂದರೆ ನೀರು ಕಟ್ಟಕಡೆಗೆ ಮುಟ್ಟುವ ತುದಿಯಲ್ಲಿತ್ತು. ಮೂವತ್ತೆರಡು ತೂಬು ಎಂಬ ಮಾತು ಕಿವಿಗೆ ಬಿದ್ದೊಡನೆ ಅವರು ಎರಡೂ ಕೈ ಎತ್ತಿದರು. ಹೊಸ ಕಂಪ್ಯೂಟರು ಬಂತು.

ಬಂದದ್ದಕ್ಕೆ ಇಂಗ್ಲಿಷು ಮಾತ್ರ ಗೊತ್ತಿತ್ತು. ಕನ್ನಡ ಬರಬೇಕಾದರೆ ಕನ್ನಡ ಕಾರ್ಡು ಹಾಕಬೇಕು. ಅದಕ್ಕೇನಂತೆ ಎಂದು ಕೊಟ್ಟೂರಪ್ಪ ಬುಧವಾರ ಸಂಜೆ ಕುರುಗೋಡಿಗೆ ಹೋಗಿ, ಹಳೆಯ ಕಂಪ್ಯೂಟರಿನಿಂದ ಕಾರ್ಡು ಕಿತ್ತು, ಟವೆಲಿನಲ್ಲಿ ಸುತ್ತಿ ತಂದಿದ್ದ. ಗುರುವಾರ ಸಂಜೆ ನಾಲ್ಕಕ್ಕೆ ಸಂಘದ ಅಧ್ಯಕ್ಷ ಗವಿಸಿದ್ದಪ್ಪನವರು ಸಿರುಗುಪ್ಪದಿಂದ ಜೀಪಿನಲ್ಲಿ ಬಂದು ಗುಂಡಿ ಒತ್ತುವವರು. ಒತ್ತಿದಾಗ ಅವರ ಹೆಸರು ಕನ್ನಡದಲ್ಲಿ ಮೂಡಬೇಕು. ಗವಿಸಿದ್ದಪ್ಪನವರಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ, ಓದಲು ಬಾರದ್ದನ್ನು ತೋರಿಸಿದವರನ್ನು ಅವರು ಕ್ಷಮಿಸುತ್ತಲೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಕೊಟ್ಟೂರಪ್ಪ ನಾಲ್ಕು ಬೈಗಳು ತಿಂದು ಮನೆಗೆ ಹೋಗುತ್ತಿದ್ದ. ಆದರೆ ಹಚ್ಚೊಳ್ಳಿಯ ಡಿಪೋಕ್ಕೆ ಒಬ್ಬ ಗುಮಾಸ್ತನ ವರ್ಗ ಆಗಬೇಕಾಗಿತ್ತು. ಹೋಗುವವನು ಒಂದೋ ಅವನು, ಇಲ್ಲವೇ ತಿಪ್ಪೇರುದ್ರಪ್ಪ. ಆರ್ಡರಿನ ಲಕೋಟೆ ಆಗಲೇ ಸೆಕ್ರೆಟರಿ ಮರಿಬಸಪ್ಪನವರ ಡ್ರಾಯರಿನಲ್ಲಿತ್ತು. ಅಧ್ಯಕ್ಷರು ಬಂದು ಸಹಿ ಹಾಕುವುದೊಂದೇ ಬಾಕಿ. ಅದರಲ್ಲಿ ಯಾರ ಹೆಸರಿದೆಯೋ ಅವನಿಗೆ ಗೊತ್ತಿರಲಿಲ್ಲ. ಕೊಟ್ಟೂರಪ್ಪ ಹನ್ನೊಂದು ವರ್ಷ ಡಿಪೋದಿಂದ ಡಿಪೋಕ್ಕೆ ತಿರುಗಿ, ಎರಡು ವರ್ಷದ ಹಿಂದಷ್ಟೇ ಬಳ್ಳಾರಿ ಸೇರಿದ್ದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಅವನನ್ನು ಆಗೆಲ್ಲ ಸಣ್ಣ ಮಗಳು "ಶನಿವಾರದ ಅಪ್ಪ" ಎಂದೇ ಕರೆಯುತ್ತಿದ್ದಳು. ಈಗೀಗ ಬರೀ ಅಪ್ಪ ಎನ್ನುತ್ತಿದ್ದಾಳೆ. ಅದೊಂದನ್ನು ಕಳೆದುಕೊಳ್ಳಲು ಅವನು ಸಿದ್ಧನಿರಲಿಲ್ಲ.

"ಕೊಬ್ಬರಿ ಎಣ್ಣಿ ಹಚ್ಚಿ ನೋಡ್ರಿ ಸಾಹೇಬ್ರ," ಎಂದ ಜವಾನ ಪಕ್ಕೀರಪ್ಪ, ಬಾಗಿಲಲ್ಲಿ ನಿಂತು. "ನಮ್ಮ ಮನಿ ಬಾಗಲಾನೂ ಮಳಿಗಾಲದಾಗ ಹಿಂಗ ಬಿಗೀತೈತಿ."

"ಇದೇನು ನಿಮ್ಮ ಮನಿ ಬಾಗಲಾ ಏನಲೇ? ಹೋಗ್, ಕುರ್ಚಿ ಹಾಕ್ ಹೋಗ್!"

ತಿಪ್ಪೇರುದ್ರಪ್ಪ ಬಂದ. ಅವನು ಎಂದೂ ಗದ್ದಲ ಮಾಡಿದವನಲ್ಲ. ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ವರ್ಗ ಮಾಡಿ, ಕಾರ್ಡನ್ನೂ ಸೀಳನ್ನೂ ನೋಡಿ, "ತೂಬು ಹೆಚ್ಚಾದ್ವು ಅಂತ ಕಾಣ್ತೈತಿ ಕೊಟ್ಟೂರಪ್ನೋರ," ಎಂದಷ್ಟೇ ಹೇಳಿ ಹೋದ. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಕೆಲವರಿಗೆ ಒಂದು ಚಮಚ ಸಾಕು.

ಅವನ ಹಿಂದೆಯೇ ಟೈಪಿಸ್ಟ್ ಜಂಬಮ್ಮ ಲಿಂಬೆಹಣ್ಣು, ಕುಂಕುಮ ಹಿಡಿದು ಒಳಗೆ ಬಂದಳು. ಕೊಟ್ಟೂರಪ್ಪನ ಮೇಲೆ ಅವಳಿಗೆ ಅಣ್ಣನೆಂಬ ಅಕ್ಕರೆ. "ಅಣ್ಣಾರ, ದೃಷ್ಟಿ ತಗದು ಈ ಲಿಂಬಿಹಣ್ಣು ಇಡ್ರಿ, ಎಲ್ಲಾ ಸರಿಹೋಗತೈತಿ. ಮತ್ತ ನಿಮಗ ಒಂದು ಮಾತು ಹೇಳೋದೈತಿ..."

"ನಿನ್ನ ಲಿಂಬಿಹಣ್ಣೂ ಬ್ಯಾಡ, ಮಾತೂ ಬ್ಯಾಡ! ಕಾರ್ಡ್ ಕೂಡವಲ್ದು ಅಂತ ನಾನು ಸಾಯಾಕತ್ತೀನಿ, ಪೂಜಿ ಮಾಡಾಕ ಬಂದಾಳ!"

ಜಂಬಮ್ಮ ಲಿಂಬೆಹಣ್ಣನ್ನು ಮೇಜಿನ ಮೂಲೆಯಲ್ಲಿಟ್ಟು ಹೋದಳು.

ಕಂಪನಿಯ ಬೆಂಗಳೂರು ಆಫೀಸಿಗೆ ಟ್ರಂಕ್ ಕಾಲ್ ಹಚ್ಚಿದ್ದಾಯಿತು. ಒಂದು ಗಂಟೆಯಾದ ಮೇಲೆ, ಬಾವಿಯೊಳಗಿನಿಂದ ಮಾತಾಡಿದಂತೆ ಒಬ್ಬ ಎಂಜಿನಿಯರನ ದನಿ ಬಂತು.

"ಅದು ಕೂರಲ್ಲ ಸಾರ್."

"ಯಾಕ ಕೂಡಂಗಿಲ್ಲ?"

"ಬಸ್ಸೇ ಬೇರೆ ಸಾರ್. ಕಾರ್ಡು ಹಳೇ ಸ್ಟ್ಯಾಂಡರ್ಡು, ಮಿಷನ್ ಹೊಸಾ ಸ್ಟ್ಯಾಂಡರ್ಡು. ಅದರ ಹಲ್ಲು ದಪ್ಪ, ಇದರ ಸ್ಲಾಟು ಸಣ್ಣ. ಹೊಸದಕ್ಕೆ ಹೊಂದೋ ಕನ್ನಡ ಕಾರ್ಡು ಇನ್ನೂ ಹುಟ್ಟೇ ಇಲ್ಲ."

"ಮಾರುವಾಗ ಇದನ್ನ ಹೇಳಾಕ ನಿಮ್ಮ ಬಾಯಿಗೆ ಏನಾಗಿತ್ತು?"

"ನೀವು ಕೇಳ್ಲಿಲ್ಲ ಸಾರ್, ಮೂವತ್ತೆರಡು ಬೇಕೇ ಬೇಕು ಅಂದ್ರಿ. ಈಗ ಒಂಬತ್ತು ಕಂಪನಿಯೋರು ಸೇರಿ ಇನ್ನೊಂದು ಸ್ಟ್ಯಾಂಡರ್ಡು ಮಾಡಿದಾರೆ ಸಾರ್. ಅದರಲ್ಲೂ ಮೂವತ್ತೆರಡು. ಆದರೆ ಹಳೇ ಕಾರ್ಡೂ ಕೂರುತ್ತೆ. ಸ್ವಲ್ಪ ತಾಳ್ಕೊಂಡು ಅದನ್ನ ತಗೊಂಡಿದ್ರೆ..."

ತಾಳ್ಮೆ ಎಂಬ ಪದ ಕೇಳಿದೊಡನೆ ಕೊಟ್ಟೂರಪ್ಪನ ತಾಳ್ಮೆ ಹೋಯಿತು. ಮೂರು ನಿಮಿಷದ ಕರೆಯಲ್ಲಿ ಉಳಿದ ಒಂದೂವರೆ ನಿಮಿಷವನ್ನು ಅವನು ಎಂಜಿನಿಯರನ ವಂಶಾವಳಿಗೆ ಮೀಸಲಿಟ್ಟ. ಪಕ್ಕದಲ್ಲಿ ಜಂಬಮ್ಮ ಬಂದು, "ಅಣ್ಣಾರ, ಆ ಲಕೋಟಿ..." ಎಂದಳು. ಅವನು ರಿಸೀವರನ್ನು ಕುಕ್ಕಿ, "ಏನು ನಿಂದು ಮತ್ತ? ಹೋಗಿ ಟೈಪ್ ಮಾಡ್ ಹೋಗವ್ವಾ!" ಎಂದು ಗುಡುಗಿದ. ಅವಳು ಕಣ್ಣಲ್ಲಿ ನೀರು ತಂದುಕೊಂಡು ತನ್ನ ಜಾಗಕ್ಕೆ ಹೋದಳು.

ಕೌಲ್ ಬಜಾರಿನಲ್ಲಿ ಹುಸೇನ್ ಪೀರಾನ ವರ್ಕ್‌ಶಾಪು ಇತ್ತು. ಅವನು ಯಾವ ಟ್ರಾಕ್ಟರಿನ ಗೇರನ್ನಾದರೂ ಯಾವ ಟ್ರಾಕ್ಟರಿಗಾದರೂ ಕೂಡಿಸಿ ಕೊಡುವವನೆಂದು ಸಿರುಗುಪ್ಪದವರೆಗೂ ಹೆಸರು. ಇಷ್ಟು ದೊಡ್ಡ ಗೇರು ಕೂಡಿಸುವವನಿಗೆ ಇಷ್ಟು ಸಣ್ಣ ಕಾರ್ಡು ಯಾವ ಲೆಕ್ಕ ಎಂದುಕೊಂಡು ಕೊಟ್ಟೂರಪ್ಪ ಆಟೋ ಹತ್ತಿದ. ಕಾರ್ಡು ಟವೆಲಿನಲ್ಲಿತ್ತು, ಸೀಳಿನ ಅಳತೆಯನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿದ್ದ.

"ಇದರ ಹಲ್ಲು ಅರ ಹಚ್ಚಿ ಸಣ್ಣ ಮಾಡಿಕೊಡು. ಜಲ್ದಿ!"

ಹುಸೇನ್ ಪೀರಾ ಕೈ ತೊಳೆದುಕೊಂಡು, ಭೂತಗನ್ನಡಿ ಹಿಡಿದು, ಕಾರ್ಡನ್ನು ಬಹಳ ಹೊತ್ತು ನೋಡಿದ. "ಆಗಂಗಿಲ್ಲ ಸಾಹೇಬ್ರ."

"ನೀನೂ ಆಗಂಗಿಲ್ಲ ಅಂತೀಯಲ್ಲೋ! ಬೋರ್ಡಿನ ಮ್ಯಾಲೆ 'ಎಲ್ಲಾ ತರಹದ ಫಿಟ್ಟಿಂಗ್' ಅಂತ ಬರಸಿದೀ!"

"ಕಬ್ಬಿಣ ಆದ್ರ ಕೂಡಸ್ತಿದ್ದೆ. ಇದು ನೋಡ್ರಿ, ಒಂದೊಂದು ಹಲ್ಲಿಗೂ ಒಂದೊಂದು ದಾರಿ ಒಳಗ ಹೋಗೈತಿ. ಹಲ್ಲು ತಿಕ್ಕಿದ್ರ ದಾರಿ ತಪ್ಪತೈತಿ. ನಾಳೆ ನೀವು ಗವಿಸಿದ್ದಪ್ಪ ಅಂತ ಬರದ್ರ ಅದು ಏನು ಬರೀತೈತೋ, ಅಲ್ಲಾಗ ಗೊತ್ತು."

ಕೊಟ್ಟೂರಪ್ಪ ಕಬ್ಬಿಣದ ಡಬ್ಬಿಯ ಮೇಲೆ ಕುಸಿದು ಕೂತ. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಸಾಲದ ಗಳಿಗೆ ಅದು. ಸಂಜೆ ನಾಲ್ಕರ ಸಮಾರಂಭ, ಲಕೋಟೆ, ಮಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹುಸೇನ್ ಪೀರಾ ಚಹಾ ತರಿಸಿದ.

"ಇಂಜಿನ್ ಕೂಡದಿದ್ರ ನಮ್ಮ ಲೈನ್ನಾಗ ಏನ್ ಮಾಡ್ತೀವಿ ಗೊತ್ತೇನ್ರಿ? ಹಳೇ ಇಂಜಿನ್ ಹಂಗ ಇಟ್ಟು ಮ್ಯಾಲೆ ಹೊಸಾ ಬಾನೆಟ್ ಹಾಕಿಬಿಡ್ತೀವಿ. ನೋಡೋ ಮಂದಿ ಬಾನೆಟ್ ನೋಡ್ತಾರ, ಇಂಜಿನ್ ಯಾರೂ ನೋಡಂಗಿಲ್ಲ."

ಕೊಟ್ಟೂರಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಕುರುಗೋಡಿನ ಹಳೆಯ ಕಂಪ್ಯೂಟರು! ಅದನ್ನು ತಂದು, ಕಾರ್ಡು ಅದಕ್ಕೇ ಹಾಕಿ, ಮೇಜಿನ ಕೆಳಗೆ ಬಟ್ಟೆಯ ಮರೆಯಲ್ಲಿಟ್ಟರೆ? ಮೇಲೆ ಹೊಸ ಪೆಟ್ಟಿಗೆ, ಹೂವಿನ ಹಾರ. ಹೆಸರು ಮೂಡುವುದು ಕೆಳಗಿನಿಂದ, ಹೆಸರು ಬರುವುದು ಮೇಲಿನದಕ್ಕೆ.

ಹನ್ನೊಂದರ ಕುರುಗೋಡು ಬಸ್ಸು ಕೊಟ್ಟೂರಪ್ಪನ ಬೈಗಳಿಗೆ ಬೆಲೆ ಕೊಡದೆ ಹನ್ನೊಂದೂ ಮುಕ್ಕಾಲಿಗೆ ಹೊರಟಿತು. ಅವನು ಶಾಖೆ ಮುಟ್ಟಿದಾಗ ಒಂದು ಹೊಡೆಯುತ್ತಿತ್ತು. ಕಂಪ್ಯೂಟರ್ ಕೋಣೆ ಆ ಶಾಖೆಯ ಗರ್ಭಗುಡಿ. ಅದರ ಪೂಜಾರಿಣಿ ಗುಮಾಸ್ತೆ ಶಿವಬಸಮ್ಮ. ಬಾಗಿಲಾಚೆ ಚಪ್ಪಲಿ ಬಿಡಿಸದೆ ಅವಳು ಡೆಪ್ಯುಟಿ ರಿಜಿಸ್ಟ್ರಾರರನ್ನೂ ಒಳಗೆ ಬಿಟ್ಟವಳಲ್ಲ. ಕೊಟ್ಟೂರಪ್ಪ ಹೊಸ್ತಿಲಾಚೆ ಚಪ್ಪಲಿ ಒದರಿ ಒಳನುಗ್ಗಿದ.

"ಮಿಷನ್ ಬೇಕು. ಬಳ್ಳಾರಿಗೆ ಒಯ್ಯಬೇಕು. ಈಗಿಂದೀಗ!"

"ನಿನ್ನಿ ಕಾರ್ಡ್ ಒಯ್ದ್ರಿ, ಇವತ್ತು ಮಿಷನ್ ಅಂತೀರಿ. ನಾಳೆ ನನ್ನನ್ನೂ ಒಯ್ತೀರೇನು? ಸೆಕ್ರೆಟರಿಯವರ ಲೆಟರ್ ಎಲ್ಲೈತ್ರಿ?"

"ನಾನು ಬಾಯಿಲೆ ಹೇಳಾಕತ್ತೀನಲ್ಲ!"

"ಬಾಯಿಗೆ ಸೀಲ್ ಒತ್ತಾಕ ಬರಂಗಿಲ್ರಿ. ಮತ್ತ ಹಂಗ ಒದರಬ್ಯಾಡ್ರಿ, ಒಳಗ ಏಸಿ ಐತಿ, ನಿಮ್ಮ ಬಿಸಿಗೆ ಕೆಡತೈತಿ."

ಕೊಟ್ಟೂರಪ್ಪ ಹಲ್ಲು ಕಡಿಯುತ್ತ ತಾನೇ ಒಂದು ಪತ್ರ ಬರೆದ, ತಾನೇ ಸಹಿ ಹಾಕಿದ, ಏನಾದರೂ ಆದರೆ ತಾನೇ ಜವಾಬ್ದಾರನೆಂದು ಕೆಳಗೆ ಇನ್ನೊಮ್ಮೆ ಬರೆದ. ಶಿವಬಸಮ್ಮ ಅದನ್ನು ಎರಡು ಸಲ ಓದಿ, ಗೋಡೆಯ ಗಡಿಯಾರ ನೋಡಿದಳು.

"ಆತು, ಒಯ್ರಿ. ಆದ್ರ ಇವತ್ತು ಗುರುವಾರ, ಒಂದೂವರಿಗೆ ರಾಹುಕಾಲ. ಆಮ್ಯಾಲೆ ಮೂರರ ತನಕ ಮಿಷನ್ ಹೊಸ್ತಿಲ ದಾಟಾಕ ನಾ ಬಿಡಂಗಿಲ್ಲ, ಏನರ ಬರಕೊಡ್ರಿ."

ಗಡಿಯಾರದಲ್ಲಿ ಒಂದು ಇಪ್ಪತ್ತೆರಡು. ಉಳಿದ ಎಂಟು ನಿಮಿಷದಲ್ಲಿ ಕೊಟ್ಟೂರಪ್ಪ ಪೆಟ್ಟಿಗೆ, ಪರದೆ, ಕೀಲಿಮಣೆ, ವೈರು ಎಲ್ಲವನ್ನೂ ನಾಲ್ಕು ಸಲ ಹೊರಗೂ ಒಳಗೂ ಓಡಿ ಸಾಗಿಸಿದ. ಬೀದಿಯಲ್ಲಿ ಬಾದನಹಟ್ಟಿಯ ಎರ್ರೆಪ್ಪನ ಟ್ರಾಕ್ಟರು ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬಳ್ಳಾರಿಯ ಕಡೆ ಹೊರಟಿತ್ತು. ಅದಕ್ಕೆ ಅಡ್ಡ ನಿಂತು, ಚೀಲಗಳ ಮೇಲೆ ಕಂಪ್ಯೂಟರು ಇಟ್ಟು, ಅದನ್ನು ತಬ್ಬಿಕೊಂಡು ಕೂತ. ಊರು ದಾಟಿದ ಮೇಲೆ ಕಾಲಿಗೆ ಬಿಸಿಲು ಚುರುಕ್ಕೆಂದಾಗ ಚಪ್ಪಲಿ ನೆನಪಾದವು. ಅವು ಶಿವಬಸಮ್ಮನ ಹೊಸ್ತಿಲಲ್ಲಿದ್ದವು.

"ತಿರುಗಿಸಲೇ, ಚಪ್ಲಿ ಬಿಟ್ಟೀನಿ!"

"ಟ್ರಾಲಿ ಹಿಂಗ ತಿರುಗಂಗಿಲ್ರಿ," ಎಂದ ಎರ್ರೆಪ್ಪ, ಹಿಂತಿರುಗಿ ನೋಡದೆ.

ದಾರಿಯ ಪ್ರತಿ ತಗ್ಗಿನಲ್ಲೂ ಮೆಣಸಿನಕಾಯಿ ಚೀಲ ಒಮ್ಮೆ ಉಸಿರು ಬಿಡುತ್ತಿತ್ತು. ಕೊಟ್ಟೂರಪ್ಪ ಸೀನುತ್ತಿದ್ದ, ಬೈಯುತ್ತಿದ್ದ, ಮತ್ತೆ ಸೀನುತ್ತಿದ್ದ. ಎಂಜಿನಿಯರನನ್ನು ಬೈದ, ಆ ಒಂಬತ್ತು ಕಂಪನಿಗಳನ್ನು ಒಂದೊಂದಾಗಿ ಬೈದ, ಹಳೆಯ ಹಲ್ಲಿಗೆ ಹೊಂದದ ಹೊಸ ಸೀಳು ಮಾಡಿದ ಯಾವನೋ ಅಮೆರಿಕದವನನ್ನು ತೆಲುಗಿನಲ್ಲಿಯೂ ಬೈದ. ಬಳ್ಳಾರಿ ಬರುವಷ್ಟರಲ್ಲಿ ಅವನ ಕಣ್ಣು ಹಣ್ಣುಮೆಣಸಿನಕಾಯಿಯಂತೆ ಕೆಂಪಾಗಿದ್ದವು.

ಮೂರೂ ಇಪ್ಪತ್ತಕ್ಕೆ ಹಿಂಬಾಗಿಲಿನಿಂದ ಒಳಗೆ ಬಂದು, ಪಕ್ಕೀರಪ್ಪನಿಗೆ ಬಾಯಿ ಬಿಡಬೇಡವೆಂದು ಬಸವಣ್ಣನ ಆಣೆ ಹಾಕಿಸಿ, ಕೆಲಸಕ್ಕೆ ಇಳಿದ. ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದು ಕಾರ್ಡು ಇಟ್ಟ. ಒಂದೇ ಒತ್ತಿಗೆ, ತವರುಮನೆಗೆ ಬಂದ ಮಗಳ ಹಾಗೆ ಅದು ಹೋಗಿ ಕೂತಿತು. ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿ, ನೆಲ ಮುಟ್ಟುವ ಹಸಿರು ಬಟ್ಟೆ ಹೊದಿಸಿದ. ಮೇಲೆ ಹೊಸ ಪೆಟ್ಟಿಗೆ. ಅದರ ಮೇಲೆ ಹಳೆಯ ಪರದೆ, ಮುಂದೆ ಹಳೆಯ ಕೀಲಿಮಣೆ, ಅವುಗಳ ವೈರು ಬಟ್ಟೆಯ ಸಂದಿಯಿಂದ ಕೆಳಕ್ಕೆ. ಹೊಸ ಪರದೆಯೂ ಕೀಲಿಮಣೆಯೂ ಉಗ್ರಾಣದಲ್ಲಿ ಅಡಗಿದವು. ಹಳೆಯ ಪರದೆಯ ಮೇಲಿದ್ದ ಮೂರು ವರ್ಷದ ಆಯುಧಪೂಜೆಯ ಕುಂಕುಮವನ್ನು ಹೂವಿನ ಹಾರ ಮುಚ್ಚಿತು.

ಅವನು ಮೇಜಿನ ಕೆಳಗಿನಿಂದ ತೆವಳಿ ಹೊರಬಂದಾಗ ಎದುರಿಗೆ ಎರಡು ಜೊತೆ ಕಾಲುಗಳಿದ್ದವು. ಒಂದು ಜೊತೆ ತಿಪ್ಪೇರುದ್ರಪ್ಪನವು. ಅವನು ಬಟ್ಟೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿ, ಒಳಗೆ ನೋಡಿ, ಮತ್ತೆ ಹಾಗೆಯೇ ಬಿಟ್ಟು, ಸದ್ದಿಲ್ಲದೆ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಇನ್ನೊಂದು ಜೊತೆ ಜಂಬಮ್ಮನವು.

"ಅಣ್ಣಾರ, ಈಗರ ಕೇಳ್ರಿ. ಇಷ್ಟೆಲ್ಲಾ ಬ್ಯಾಡಾಗಿತ್ತು. ಆ ಲಕೋಟಿಯಾಗ..."

"ಮತ್ತ ಬಂದ್ಯಾ? ಒಂದು ಅಕ್ಷರ ಮಾತಾಡಿದ್ರ ನೋಡು! ಅಧ್ಯಕ್ಷರ ಜೀಪ್ ಬಂತು!"

ಜೀಪು ಬಂದಿತ್ತು. ಗವಿಸಿದ್ದಪ್ಪನವರು ಬಿಳಿ ಧೋತರ, ಹೆಗಲ ಮೇಲೆ ಮಡಿಸಿದ ಶಲ್ಯ, ಹಣೆತುಂಬ ವಿಭೂತಿ ಧರಿಸಿ ಬಂದು ಕೂತರು. ಸೆಕ್ರೆಟರಿ ಮರಿಬಸಪ್ಪನವರು ಸ್ವಾಗತ ಮಾಡಿದರು. ಸರಿಯಾಗಿ ನಾಲ್ಕೂ ಕಾಲಿಗೆ ಅಧ್ಯಕ್ಷರು ತೋರುಬೆರಳು ಚಾಚಿ ಗೋಡೆಯ ಸ್ವಿಚ್ಚಿನ ಗುಂಡಿ ಒತ್ತಿದರು.

ಮೇಜಿನ ಕೆಳಗೆ ಹಳೆಯ ಫ್ಯಾನು ತಿರುಗತೊಡಗಿತು. ಇಪ್ಪತ್ತೆಂಟು ಕಿಲೋಮೀಟರು ಮೆಣಸಿನಕಾಯಿ ಚೀಲದ ಮೇಲೆ ಬಂದಿದ್ದ ಅದು, ಕುಡಿದದ್ದನ್ನೆಲ್ಲ ಈಗ ಸಭೆಗೆ ಹಿಂದಿರುಗಿಸಿತು. ಮುಂದಿನ ಸಾಲು ಸೀನಿತು. ಹಿಂದಿನ ಸಾಲು ಕೆಮ್ಮಿತು. ಗವಿಸಿದ್ದಪ್ಪನವರ ಕಣ್ಣಿನಲ್ಲಿ ನೀರು ಧಾರೆಗಟ್ಟಿತು. ಅಷ್ಟರಲ್ಲಿ ಪರದೆಯ ಮೇಲೆ, ನಿಧಾನವಾಗಿ, ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು: ಗ, ವಿ, ಸಿ, ದ್ದ, ಪ್ಪ.

"ಏನ್ ಸ್ಪೀಡೋ ಮಾರಾಯಾ!" ಎಂದರು ಅಧ್ಯಕ್ಷರು. ಅವರು ತಮ್ಮ ಹೆಸರನ್ನು ಬರೆಯಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು.

ಚಪ್ಪಾಳೆಯ ಮೇಲೆ ಚಪ್ಪಾಳೆ. ಕೊಟ್ಟೂರಪ್ಪನ ಎದೆಯ ಮೇಲೆ ಬೆಳಗಿನಿಂದ ಕೂತಿದ್ದ ಕಲ್ಲು ಜಾರಿತು. ಆ ಹೊತ್ತಿಗೆ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ತಿಪ್ಪೇರುದ್ರಪ್ಪನ ಮೇಲೆ ಕೂಡ. ಇವತ್ತು ಮನೆಗೆ ಹೋಗುವಾಗ ಮಗಳಿಗೆ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಹೋಗಬೇಕು ಎಂದುಕೊಂಡ. ಆಮೇಲೆ ಇವತ್ತು ಮೆಣಸಿನಕಾಯಿ ಸಾಕು, ಜಿಲೇಬಿ ಒಯ್ಯೋಣ ಎಂದು ತಿದ್ದಿಕೊಂಡ.

ವಂದನಾರ್ಪಣೆಗೆ ತಿಪ್ಪೇರುದ್ರಪ್ಪ ಎದ್ದ. ಈಗ ಬಟ್ಟೆ ಎತ್ತುತ್ತಾನೆ, ಮುಗಿಯಿತು ನನ್ನ ಕತೆ, ಎಂದು ಕೊಟ್ಟೂರಪ್ಪ ಕಣ್ಣು ಮುಚ್ಚಿದ.

ತಿಪ್ಪೇರುದ್ರಪ್ಪ ಬಟ್ಟೆಯ ತಂಟೆಗೆ ಹೋಗಲಿಲ್ಲ. "ಅಧ್ಯಕ್ಷರ, ಇದರ ಶ್ರೇಯಸ್ಸೆಲ್ಲಾ ನಮ್ಮ ಕೊಟ್ಟೂರಪ್ನೋರದು," ಎಂದ. "ಅವರ ಕಾಲು ನೋಡ್ರಿ. ಮಿಷನ್ ಮ್ಯಾಲಿನ ಭಕ್ತಿಗೆ ಚಪ್ಪಲಿ ಸೈತ ಮೆಟ್ಟಿಲ್ಲ. ಕಣ್ಣು ನೋಡ್ರಿ, ಸಂತೋಷಕ್ಕ ಹೆಂಗ ಕೆಂಪಾಗ್ಯಾವು. ಅವರ ಟಿಪ್ಪಣಿಯಾಗ ಒಂದು ಮಾತು ಬರದಾರ್ರಿ, ಅದು ನನ್ನ ಮನಸಿಗೆ ನಾಟೈತಿ. ಮೂವತ್ತೆರಡು ತೂಬಿನ ನೀರು ಟೇಲೆಂಡಿಗೆ ಮುಟ್ಟತೈತಿ ಅಂತ."

ಟೇಲೆಂಡ್ ಎಂಬ ಮಾತು ಕೇಳಿ ಗವಿಸಿದ್ದಪ್ಪನವರು ಕಣ್ಣೊರೆಸಿಕೊಂಡು ಎದ್ದು ನಿಂತರು. ನಲವತ್ತು ವರ್ಷ ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಜಗಳಾಡಿದ ಜೀವ ಅದು.

"ಖರೇ ಮಾತು! ಎಲ್ಲಾ ನೀರೂ ಬಳ್ಳಾರಿಯಾಗ ನಿಂತ್ರ ನಮ್ಮ ಟೇಲೆಂಡ್ ಮಂದಿ ಏನು ಮಾಡ್ಬೇಕು? ಈ ಮಿಷನ್ ಹಚ್ಚೊಳ್ಳಿ ಡಿಪೋಕ್ಕ ಹೋಗ್ಲಿ! ರೈತ ಬಂದು ತನ್ನ ಹೆಸರು ತಾನು ನೋಡ್ಲಿ. ಮರಿಬಸಪ್ಪ, ಆ ವರ್ಗದ ಆರ್ಡರ್ ತಗೊಂಬಾರಪ್ಪ."

ಲಕೋಟೆ ಬಂತು. ಸೆಕ್ರೆಟರಿಯವರು ಒಡೆದು ಅಧ್ಯಕ್ಷರ ಮುಂದೆ ಹಿಡಿದರು. ಅಧ್ಯಕ್ಷರು ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು: "ಶ್ರೀ ತಿಪ್ಪೇರುದ್ರಪ್ಪನವರನ್ನು ಹಚ್ಚೊಳ್ಳಿ ಡಿಪೋಕ್ಕೆ..." ಅಲ್ಲಿಗೆ ನಿಲ್ಲಿಸಿ, ತಲೆಯಾಡಿಸಿದರು. "ಇದೇನ್ರಿ ಇದು? ಮಿಷನ್ ಒಂದ ಕಡಿ, ಮಿಷನ್ ಬಲ್ಲಾವ ಒಂದ ಕಡಿ? ಪೆನ್ನು ಕೊಡ್ರಿ."

ಅವರು ಒಂದು ಹೆಸರು ಹೊಡೆದುಹಾಕಿದರು. ಅದರ ಮೇಲೆ, ಬಹಳ ಹೊತ್ತು ಹಿಡಿದು, ದುಂಡಗೆ ಇನ್ನೊಂದು ಹೆಸರು ಬರೆದರು. ಸಹಿ ಹಾಕಿದರು. "ಇವತ್ತ ಹೊಂಡ್ರಿ ಕೊಟ್ಟೂರಪ್ಪ, ನಮ್ಮ ಜೀಪಿನ್ಯಾಗ ಜಾಗ ಐತಿ. ಸಿರುಗುಪ್ಪದಾಗ ನಮ್ಮ ಮನಿಯಾಗ ವಸ್ತಿ ಮಾಡಿ ಮುಂಜಾನೆ ಹಚ್ಚೊಳ್ಳಿ ಸೇರ್ಕೊಳ್ರಿ."

ಕೊಟ್ಟೂರಪ್ಪನ ಬಾಯಿ ತೆರೆಯಿತು. ಈ ಮಿಷನ್ನಿಗೆ ಕನ್ನಡ ಬರುವುದಿಲ್ಲ ಎಂದರೆ ಬಟ್ಟೆ ಎತ್ತಬೇಕು. ಬಟ್ಟೆ ಎತ್ತಿದರೆ ನೌಕರಿ ಹೋಗುತ್ತದೆ. ಎತ್ತದಿದ್ದರೆ ಹಚ್ಚೊಳ್ಳಿ. ತೆರೆದ ಬಾಯಿಯಿಂದ ಒಂದು ಸೀನು ಮಾತ್ರ ಹೊರಬಂತು. ಅಧ್ಯಕ್ಷರು ಅದನ್ನು ಒಪ್ಪಿಗೆ ಎಂದು ತಿಳಿದು ಹೊರಗೆ ನಡೆದರು.

"ನಿನ್ನಿ ಮಧ್ಯಾಹ್ನ ನಾನ ಟೈಪ್ ಮಾಡಿದ್ದೆ ಅಣ್ಣಾರ," ಎಂದಳು ಜಂಬಮ್ಮ, ಪಕ್ಕದಲ್ಲಿ ನಿಂತು. ಅವಳ ಕಣ್ಣಲ್ಲೂ ನೀರಿತ್ತು, ಅದು ಮೆಣಸಿನಕಾಯಿಯದಲ್ಲ. "ತಿಪ್ಪೇರುದ್ರಪ್ನೋರ ಹೆಸರು. ನೀವು ಜ್ವರ ಅಂತ ರಜಾ ಹಾಕಿ ಮನಿಯಾಗ ಮಲಗಿದ್ರೂ ನಡೀತಿತ್ತು. ಬೆಳಿಗ್ಗಿಂದ ಮೂರು ಸಲ ಹೇಳಾಕ ಬಂದೆ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂದು ಹಿರಿಯರು ಹೇಳಿದ್ದಾರೆ. ಕೊಟ್ಟೂರಪ್ಪ ಅವಳ ಮೇಲೆ ರೇಗಲು ನೋಡಿದ, ಆಗಲಿಲ್ಲ. ಪಕ್ಕೀರಪ್ಪನ ಮೇಲೆ, ಮರಿಬಸಪ್ಪನವರ ಮೇಲೆ, ಗೋಡೆಯ ಗಡಿಯಾರದ ಮೇಲೆ ರೇಗಲು ನೋಡಿದ. ಬೆಳಗಿನಿಂದ ಎಲ್ಲರ ಸರದಿಯೂ ಮುಗಿದಿತ್ತು. ಬಾಕಿ ಉಳಿದವನು ಒಬ್ಬನೇ, ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಪಕ್ಕೀರಪ್ಪ ಹೊಸ ಪೆಟ್ಟಿಗೆಯನ್ನು ಹೊತ್ತು ಜೀಪಿನಲ್ಲಿಟ್ಟ, ಉಗ್ರಾಣದ ಹೊಸ ಪರದೆಯನ್ನೂ ಕೀಲಿಮಣೆಯನ್ನೂ ತಂದಿಟ್ಟ. ಕೊಟ್ಟೂರಪ್ಪ ಕಟ್ಟಕಡೆಯ ಆಸೆಯಿಂದ ಮೇಜಿನ ಕೆಳಗೆ ಬಗ್ಗಿ, ಹಳೆಯ ಪೆಟ್ಟಿಗೆಯಿಂದ ಕಾರ್ಡು ಕೀಳಲು ಕೈಹಾಕಿದ. ಹಿಂದಿನಿಂದ ತಿಪ್ಪೇರುದ್ರಪ್ಪನ ಮೆತ್ತನೆಯ ದನಿ ಕೇಳಿತು.

"ಅದನ್ನ ಇಲ್ಲೇ ಬಿಡ್ರಿ ಕೊಟ್ಟೂರಪ್ನೋರ. ನಿಮ್ಮದಕ್ಕ ಅದು ಹೆಂಗೂ ಕೂಡಂಗಿಲ್ಲ. ಶಿವಬಸಮ್ಮಗ ನಾನು ಲೆಟರ್ ಬರೀತೀನಿ, ಸೀಲ್ ಹಾಕಿ. ಈ ಹಳೇದು ನನಗ ಸಾಕು." ಅವನು ಮೇಜಿನ ಮೂಲೆಯಿಂದ ಏನನ್ನೋ ಎತ್ತಿ ಕೊಟ್ಟೂರಪ್ಪನ ಕೈಯಲ್ಲಿಟ್ಟ. "ಇದನ್ನ ಮರತಿದ್ರಿ."

ಅದು ಜಂಬಮ್ಮನ ಲಿಂಬೆಹಣ್ಣು.

ಜೀಪು ಸಿರುಗುಪ್ಪದ ರಸ್ತೆ ಹಿಡಿಯುವ ಮುಂಚೆ ಮನೆಯ ಮುಂದೆ ಎರಡು ನಿಮಿಷ ನಿಂತಿತು. ಹೆಂಡತಿ ನಾಲ್ಕು ಜೊತೆ ಬಟ್ಟೆ ತುಂಬಿದ ಚೀಲ ತಂದುಕೊಟ್ಟಳು. ಸಣ್ಣ ಮಗಳು ಹೊಸ್ತಿಲಲ್ಲಿ ನಿಂತು ಬರಿಗಾಲಿನ ಅಪ್ಪನನ್ನೂ, ಅವನ ಮಡಿಲಲ್ಲಿದ್ದ ಪೆಟ್ಟಿಗೆಯನ್ನೂ, ಕೈಯಲ್ಲಿದ್ದ ಲಿಂಬೆಹಣ್ಣನ್ನೂ ನೋಡಿದಳು.

"ಅಪ್ಪಾ, ಶನಿವಾರ ಬರ್ತೀಯಲ್ಲಾ?" ಎಂದು ಕೇಳಿದಳು.